ಹೊಸತೊಡಕಿನ ಹರಾಜು

ಅವತ್ತು ನಾನು ಬೇಸ್‌ಬಾಲ್ ಎಂದೇ ಹೇಳಿದೆನಾ ಎಂಬುದು ಈಗ ಖಾತ್ರಿಯಿಲ್ಲ. ಅಮೆರಿಕದ ಒಂದು ಆಟದಲ್ಲಿ ತಂಡಗಳು ಆಟಗಾರರಿಗೆ ಕೊಡುವ ಸಂಬಳಕ್ಕೆ ಮೇಲ್ಮಿತಿ ಇದೆ, ಹಾಗಾಗಿ ಅಲ್ಲಿ ದುಡ್ಡಿರುವ ತಂಡವೇ ಪ್ರತಿ ವರ್ಷ ಗೆಲ್ಲುವುದಿಲ್ಲ ಎಂದು ಹೇಳಿದ್ದಂತೂ ನಿಜ. ಕೆಂಪಾಪುರದ ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ, ಪೇಂಟ್ ಡಬ್ಬಗಳ ಮಧ್ಯೆ ಕೂತು, ಆರು ಜನ ಟೀಮ್ ಓನರ್‌ಗಳ ಮುಂದೆ ಹೇಳಿದ್ದೆ. ಅವರಲ್ಲಿ ಯಾರೂ ಬೇಸ್‌ಬಾಲ್ ನೋಡಿದವರಲ್ಲ. ನಾನೂ ನೋಡಿರಲಿಲ್ಲ. ಎಂ.ಎ. ಅರ್ಥಶಾಸ್ತ್ರದ ಒಂದು ಐಚ್ಛಿಕ ಪತ್ರಿಕೆಗೆ ಓದಿದ ಜೆರಾಕ್ಸ್ ಹಾಳೆಗಳಷ್ಟೇ ನನಗೆ ಗೊತ್ತಿದ್ದ ಬೇಸ್‌ಬಾಲ್. 2013 ಇರಬೇಕು, ಅಥವಾ ಅದರ ಮುಂದಿನ ವರ್ಷ.

ನಮ್ಮದು ಟೆನಿಸ್ ಬಾಲ್ ಕ್ರಿಕೆಟ್. ಅಮೃತಹಳ್ಳಿಯಿಂದ ಜಕ್ಕೂರಿನ ಕಡೆ ಹೋಗುವಾಗ ಆಗಿನ್ನೂ ಸೈಟು ಬೀಳದೆ ಉಳಿದಿದ್ದ ಬಯಲಿನಲ್ಲಿ, ಬೇಸಿಗೆಯ ಭಾನುವಾರಗಳಲ್ಲಿ ಆರು ಏರಿಯಾದ ಆರು ತಂಡಗಳು ಆಡುತ್ತಿದ್ದವು. ಓನರ್ ಎಂದರೆ ಜರ್ಸಿ ಹೊಲಿಸಿ, ಪಂದ್ಯದ ದಿನ ಬಿರಿಯಾನಿ ತರಿಸುವವರು. ಆಟಗಾರರಿಗೆ ಸಂಬಳ ಅಂತ ಏನೂ ಇರಲಿಲ್ಲ. ಅದರ ಬದಲು ಇನ್ನೊಂದಿತ್ತು. ಒಳ್ಳೆಯ ಆಟಗಾರನನ್ನು ಓನರ್ ತಮ್ಮಲ್ಲಿ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದರು. ಒಬ್ಬ ಹಿಟ್ಟಿನ ಗಿರಣಿಯಲ್ಲಿ, ಇನ್ನೊಬ್ಬ ಪೆಟ್ರೋಲ್ ಬಂಕಿನಲ್ಲಿ. 'ಅಂಗಡಿಗೆ ಹಾಕ್ಕೊಂಡ್ರು' ಅಂದರೆ ಟೀಮಿಗೆ ಹಾಕಿಕೊಂಡರು ಎಂದೇ ಅರ್ಥ. ಅದನ್ನು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ.

ಹಾಗೆ ಕೆಲಸಕ್ಕೆ ಸೇರಿದವರಲ್ಲಿ ನನ್ನ ಗೆಳೆಯನೂ ಒಬ್ಬ. ಅಮೃತಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಏಳು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವನು ಪಿಯುಸಿಗೆ ನಿಲ್ಲಿಸಿದ, ನಾನು ಓದುತ್ತಲೇ ಹೋದೆ. ಅವನ ಎಡಗೈ ಬೌಲಿಂಗ್ ನೋಡಲು ಅಂಥ ಚೆಂದವೇನಲ್ಲ. ನಾಲ್ಕೇ ಹೆಜ್ಜೆ ಓಡಿ, ಏನೋ ಮರೆತವನಂತೆ ತಡೆದು ನಿಂತು, ಆಮೇಲೆ ಬಿಡುತ್ತಿದ್ದ. ಹಗುರವಾದ ಟೆನಿಸ್ ಚೆಂಡು ಬ್ಯಾಟಿನ ಹತ್ತಿರ ಬಂದು ಮನಸ್ಸು ಬದಲಾಯಿಸುತ್ತಿತ್ತು. ಆ ಬೌಲಿಂಗ್‌ನಿಂದಾಗಿಯೇ ಹಾರ್ಡ್‌ವೇರ್ ಅಂಗಡಿಯ ಯಜಮಾನರು ಅವನಿಗೆ ಗೂಡ್ಸ್ ಗಾಡಿಯ ಕೀಲಿ ಕೊಟ್ಟಿದ್ದರು. ಸಿಮೆಂಟು, ಪೈಪು, ಕಬ್ಬಿಣ ತುಂಬಿಕೊಂಡು ಸಹಕಾರನಗರದಿಂದ ಆರ್.ಟಿ. ನಗರದವರೆಗೆ ಓಡಾಡುತ್ತಿದ್ದ. ಐದು ವರ್ಷದಿಂದ ಅದೇ ಕೆಲಸ. ಅವನಮ್ಮ ಕೇಳಿದವರಿಗೆಲ್ಲ ಮಗನಿಗೆ ಪರ್ಮನೆಂಟ್ ಆಗಿದೆ ಎನ್ನುತ್ತಿದ್ದರು.

ಯಜಮಾನರ ತಂಡ ನಾಲ್ಕು ವರ್ಷ ಸತತವಾಗಿ ಕಪ್ ಗೆದ್ದಿತ್ತು. ನಾನು ಸ್ಕೋರರ್, ಜೊತೆಗೆ ಹೆಸರಿಗೆ ಸೆಕ್ರೆಟರಿ. ಹೆಬ್ಬಾಳದ ಕಡೆಯ ಒಂದು ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್ ಆಗಿದ್ದರಿಂದ ಎಲ್ಲರ ಬಾಯಲ್ಲೂ ಮೇಷ್ಟ್ರು. ಕೊನೆಯ ಫೈನಲ್ ಮುಗಿಯುವ ಹೊತ್ತಿಗೆ ಬಯಲಿನಲ್ಲಿ ಆಟಗಾರರನ್ನು ಬಿಟ್ಟರೆ ಕಡಲೆಕಾಯಿ ಮಾರುವವನು ಮಾತ್ರ ಇದ್ದ. ಮೂರು ಜನ ಓನರ್‌ಗಳು ಮುಂದಿನ ವರ್ಷದಿಂದ ನಮ್ಮನ್ನು ಬಿಟ್ಟುಬಿಡಿ ಎಂದಿದ್ದರು. ಹಾಗಾಗಿ ಮೀಟಿಂಗ್ ಕರೆದವರು ಗೆಲ್ಲುತ್ತಿದ್ದ ಯಜಮಾನರೇ.

"ಎದುರು ಅಂಗಡಿ ಮುಚ್ಚಿದ್ರೆ ನನಗೆ ಹಬ್ಬ, ಮೇಷ್ಟ್ರೇ. ಎದುರು ಟೀಮ್ ಮುಚ್ಚಿದ್ರೆ ನಾನ್ ಯಾರ್ ಜೊತೆ ಆಡ್ಲಿ?" ಎಂದರು ಅವರು.

ಜೆರಾಕ್ಸ್ ಹಾಳೆಗಳು ಹತ್ತಾರು ಪುಟ ಹಿಡಿದು ಹೇಳಿದ್ದನ್ನು ಅವರು ಸೆಟ್ ದೋಸೆ ಮುರಿಯುತ್ತಾ ಹೇಳಿ ಮುಗಿಸಿದ್ದರು. ವ್ಯಾಪಾರದಲ್ಲಿ ಎದುರಾಳಿ ಸೋತು ಹೋಗಲಿ ಎಂದು ಬಯಸಬಹುದು, ಆಟದಲ್ಲಿ ಎದುರಾಳಿ ಬದುಕಿರಲೇಬೇಕು. ಯಾರು ಗೆಲ್ಲುತ್ತಾರೆಂದು ಮೊದಲೇ ಗೊತ್ತಿದ್ದರೆ ಯಾರೂ ನೋಡಲು ಬರುವುದಿಲ್ಲ. ನಾನು ಎದ್ದು ನಿಂತು ಅಮೆರಿಕದ ಉದಾಹರಣೆ ಕೊಟ್ಟಿದ್ದು ಆಗಲೇ. 2008ರಲ್ಲಿ ಟಿವಿಯಲ್ಲಿ ಆಟಗಾರರ ಹರಾಜು ಬಂದಮೇಲೆ ಆ ಕಲ್ಪನೆ ಎಲ್ಲರಿಗೂ ಪರಿಚಿತವಾಗಿತ್ತು. ನಾನು ನಿಯಮ ಬರೆದುಕೊಡುತ್ತೇನೆಂದೆ. ಪ್ರತಿ ತಂಡಕ್ಕೂ ಸಾವಿರ ಪಾಯಿಂಟ್, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಹದಿಮೂರು ಜನ. ಹಳಬರಲ್ಲಿ ಇಬ್ಬರನ್ನು ಮಾತ್ರ ಉಳಿಸಿಕೊಳ್ಳಬಹುದು, ಅವರಿಗಾಗಿ ನಾನೂರು ಪಾಯಿಂಟ್ ಮುರಿದುಕೊಳ್ಳಲಾಗುತ್ತದೆ. ಮಿಕ್ಕವರೆಲ್ಲ ಹರಾಜಿಗೆ. ಹರಾಜಿನಲ್ಲಿ ಹೋಗದೆ ಉಳಿದವನು ಆ ವರ್ಷ ಆಡುವ ಹಾಗಿಲ್ಲ.

ಯಜಮಾನರು ಕ್ಯಾಪ್ಟನ್ನನ್ನೂ ಕೀಪರನ್ನೂ ಉಳಿಸಿಕೊಂಡರು. ಗೆಳೆಯ ಹರಾಜಿನ ಪಟ್ಟಿಗೆ ಬಂದ.

ಪಟ್ಟಿ ಹೊರಬಿದ್ದ ಸಂಜೆ ಅವನು ಗಾಡಿ ತಂದು ನಮ್ಮ ಮನೆ ಮುಂದೆ ನಿಲ್ಲಿಸಿದ. ಇಳಿಯಲಿಲ್ಲ. ನಾನೇ ಹೋಗಿ ಪಕ್ಕದ ಸೀಟಿನಲ್ಲಿ ಕೂತೆ. ಬೇರೆ ಟೀಮಿಗೆ ಹೋದರೆ ಈ ಕೀಲಿಯ ಗತಿ ಏನು ಎಂದು ಕೇಳಿದ. ಆಟ ಬೇರೆ, ಕೆಲಸ ಬೇರೆ, ಯಜಮಾನರು ಅಂಥ ಮನುಷ್ಯರಲ್ಲ ಎಂದೆ. ಇಬ್ಬರು ಅಂತ ಇರುವ ಕಡೆ ಮೂವರು ಅಂತ ಬರೆಯೋಕೆ ಆಗಲ್ವಾ ಎಂದು ಕೇಳಿದ. ಒಬ್ಬನಿಗಾಗಿ ನಿಯಮ ಸಡಿಲಿಸಿದರೆ ನಾಳೆ ಇನ್ನೊಬ್ಬ ಬರುತ್ತಾನೆ ಎಂದು ಪಾಠ ಮಾಡಿದೆ.

"ನಿನ್ನ ಅಮೆರಿಕದಲ್ಲಿ ಬೌಲಿಂಗ್ ಹಾಕೋನು ಬೆಳಗ್ಗೆ ಎದ್ದು ಸಿಮೆಂಟ್ ಹೊಡೀತಾನಾ ಮಗಾ?" ಎಂದ.

ಇಲ್ಲ, ಅವನಿಗೆ ಕೋಟಿಗಟ್ಟಲೆ ಕೊಡ್ತಾರೆ ಎಂದೆ. ಅವನು ನಕ್ಕ. ಆ ನಗುವನ್ನು ಒಪ್ಪಿಗೆ ಎಂದುಕೊಂಡು ಇಳಿದು ಬಂದೆ.

ಯುಗಾದಿಯ ಮಾರನೆಯ ದಿನ ಹೊಸತೊಡಕು. ನಮ್ಮ ಕಡೆ ಅವತ್ತು ಬೆಳಗಿನ ಜಾವದಿಂದಲೇ ಮಟನ್ ಅಂಗಡಿ ಮುಂದೆ ಸಾಲು ನಿಂತಿರುತ್ತದೆ, ಊಟವಾದ ಮೇಲೆ ಜಗಲಿಗಳಲ್ಲಿ ಇಸ್ಪೀಟು ಶುರುವಾಗುತ್ತದೆ. ಹೇಗೂ ಎಲ್ಲರೂ ಊರಲ್ಲೇ ಇರುತ್ತಾರೆಂದು ಅವತ್ತೇ ಹರಾಜು ಇಟ್ಟುಕೊಂಡೆವು. ಯಜಮಾನರ ಗೋಡೌನಿನ ಮುಂದೆ ಶಾಮಿಯಾನ, ಆರು ಪ್ಲಾಸ್ಟಿಕ್ ಟೇಬಲ್ಲು, ಬಾಡಿಗೆಗೆ ತಂದ ಮೈಕು. ಹೆಸರು ಬರೆದ ಚೀಟಿಗಳನ್ನು ಸ್ಟೀಲ್ ಡಬ್ಬಕ್ಕೆ ಹಾಕಿ, ಒಂದೊಂದೇ ಎತ್ತಿ ಕೂಗುವುದು ನನ್ನ ಕೆಲಸ.

ಶುರುವಿನಲ್ಲಿ ನಗೆಯೋ ನಗೆ. ಒಬ್ಬ ಓಪನರ್‌ಗೆ ಕೂಗುವಾಗ ಹಿಂದಿನಿಂದ ಯಾರೋ, ಅವನು ರನ್ ಔಟ್ ಮಾಡಿಸೋದಕ್ಕೂ ಸೇರಿಸಿ ರೇಟ್ ಹೇಳಿ ಮೇಷ್ಟ್ರೇ ಎಂದರು. ಆಮೇಲೆ ನೆಲಮಂಗಲದ ಕಡೆಯಿಂದ ಬಂದಿದ್ದ ಬಲಗೈ ಬೌಲರ್‌ನ ಚೀಟಿ ಬಂತು. ಮೂವತ್ತರ ಆಸುಪಾಸಿನ ಗಟ್ಟಿ ಆಳು, ಮದುವೆಯಾಗಿ ಮಗುವಿತ್ತು. ಜಕ್ಕೂರಿನ ಓನರ್ ಏರಿಸುತ್ತಾ ಹೋದರು, ನಮ್ಮ ಯಜಮಾನರು ಬಿಡಲಿಲ್ಲ. ಊಟದ ಬಿಸಿ, ಸುತ್ತ ನಿಂತವರ ಕೇಕೆ. ಕೊನೆಗೆ ಮುನ್ನೂರು ದಾಟಿದ ಮೇಲೆ ಯಜಮಾನರ ಪಾಲಾದ.

ಗೆಳೆಯನ ಚೀಟಿ ಬಂದದ್ದು ಬಹಳ ತಡವಾಗಿ, ಡಬ್ಬದ ತಳದಲ್ಲಿ ಮೂರೋ ನಾಲ್ಕೋ ಉಳಿದಿದ್ದಾಗ. ನಾನು ಹೆಸರು ಕೂಗಿದೆ. ಯಾವ ಟೇಬಲ್ಲಿನಲ್ಲೂ ಕೈ ಏಳಲಿಲ್ಲ. ಏರಿಯಾದ ಅತಿ ಒಳ್ಳೆಯ ಬೌಲರ್‌ಗೆ ಒಬ್ಬರೂ ಕೂಗುತ್ತಿಲ್ಲವಲ್ಲ ಎಂದು ನನಗೆ ಅರ್ಥವೇ ಆಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಕ್ಯಾಪ್ಟನ್ ಕಿವಿಯಲ್ಲಿ ಹೇಳಿದ ಮೇಲೇ ತಿಳಿದದ್ದು. ಅವನು ಯಜಮಾನರ ಅಂಗಡಿಯವನು. ಇನ್ನೊಬ್ಬರ ಅಂಗಡಿಯವನನ್ನು, ಅದೂ ಅವರದೇ ಗೋಡೌನಿನ ಮುಂದೆ, ಅವರ ಮನೆಯ ಊಟ ಉಂಡು, ಕೂಗಿ ಎಬ್ಬಿಸಿಕೊಂಡು ಹೋಗುವುದು ಮರ್ಯಾದೆಯಲ್ಲ. ಐದೂ ಜನ ಮರ್ಯಾದೆಗೆ ಸುಮ್ಮನಿದ್ದರು. ಹೀಗಾಗುತ್ತದೆಂದು ಯಜಮಾನರಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ಹದಿಮೂರನೆಯ ಜಾಗ ಖಾಲಿ ಬಿಟ್ಟುಕೊಂಡು, ಕನಿಷ್ಠ ಬೆಲೆಗೆ ಎತ್ತಿಕೊಳ್ಳಲು ಲೆಕ್ಕ ಹಾಕಿ ಇಪ್ಪತ್ತು ಪಾಯಿಂಟ್ ಉಳಿಸಿಕೊಂಡಿದ್ದರು.

"ಇಪ್ಪತ್ತು" ಎಂದು ಕೈ ಎತ್ತಿದರು.

ಕನಿಷ್ಠ ಬೆಲೆ ಮೂವತ್ತಾಗಿತ್ತು. ಯಜಮಾನರಿಗೆ ತೋರಿಸಿದ್ದ ನನ್ನ ಮೊದಲ ಕರಡಿನಲ್ಲಿ ಇಪ್ಪತ್ತೆಂದೇ ಇತ್ತು. ಜೆರಾಕ್ಸಿಗೆ ಕೊಡುವ ಮುಂಚೆ, ಆಟಗಾರನಿಗೂ ಒಂದು ಮಾನ ಇರಲಿ ಅನ್ನಿಸಿ, ನಾನೇ ಮೂವತ್ತು ಮಾಡಿದ್ದೆ. ಹರಾಜು ಶುರುವಾಗುವ ಮುಂಚೆ ಮೈಕಿನಲ್ಲಿ ಅದನ್ನು ಸ್ಪಷ್ಟವಾಗಿ ಹೇಳಿದ್ದು ನನಗೆ ನೆನಪಿದೆ. ನನ್ನ ದನಿ ಗೋಡೌನಿನ ತಗಡಿಗೆ ಬಡಿದು ವಾಪಸ್ ಬಂದದ್ದೂ ನೆನಪಿದೆ. ಆದರೆ ಆಮೇಲೆ ಕೇಳಿದ ನಾಲ್ಕು ಜನರಲ್ಲಿ ಮೂವರು ನೀವು ಹೇಳಲೇ ಇಲ್ಲ ಎಂದರು. ನಾಲ್ಕನೆಯವರು ಹೇಳಿದ್ರೇನೋ ಎಂದರು. ಹಾಳೆಯಲ್ಲಂತೂ ಅಚ್ಚಾಗಿತ್ತು. ಹಾಳೆಯ ಮೇಲೆ ಬಿರಿಯಾನಿ ತಟ್ಟೆ ಇಟ್ಟುಕೊಂಡಿದ್ದರು ಎಲ್ಲರೂ.

ನಾನು ಮೂವತ್ತು ಎಂದೆ. ಹತ್ತು ಪಾಯಿಂಟ್ ತಾನೇ ಬಿಡಿ ಮೇಷ್ಟ್ರೇ ಎಂದು ಯಜಮಾನರು ನಕ್ಕರು. ಉಳಿದ ಓನರ್‌ಗಳು ನನ್ನ ಮುಖ ನೋಡುತ್ತಿದ್ದರು. ನಾಲ್ಕು ವರ್ಷ ಇವರಿಗೇ ಎಲ್ಲಾ ಬಿಟ್ಟುಕೊಟ್ಟವರು ಅವರು. ಈಗ ಬಿಟ್ಟರೆ ಮಿತಿ ಎಂಬುದು ಮೊದಲ ದಿನವೇ ಸತ್ತಿತು ಎಂದು ನನಗನ್ನಿಸಿತು. ಈಗಲೂ ಒಮ್ಮೊಮ್ಮೆ ಹಾಗೇ ಅನ್ನಿಸುತ್ತದೆ. ಒಂದು ಸಲ, ಎರಡು ಸಲ, ಮೂರು ಸಲ ಎಂದು ಮೈಕಿನಲ್ಲಿ ಎಣಿಸಿ, ಅವನ ಹೆಸರು ಹೇಳಿ, "ಯಾರೂ ತಗೊಂಡಿಲ್ಲ" ಎಂದೆ.

ಆಗ ಅವನು ಗಾಡಿಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದ ಎಂಬ ಚಿತ್ರ ನನ್ನ ತಲೆಯಲ್ಲಿ ಅಚ್ಚಳಿಯದೆ ಇದೆ. ಕ್ಯಾಪ್ಟನ್ ಹೇಳುವ ಪ್ರಕಾರ ಅವನು ಅಲ್ಲಿರಲೇ ಇಲ್ಲ, ಸಹಕಾರನಗರದಲ್ಲಿ ಯಾರಿಗೋ ತುರ್ತಾಗಿ ಟಾರ್ಪಾಲು ಬೇಕಾಗಿ ಕೊಡಲು ಹೋಗಿದ್ದ. ಹಾಗಿದ್ದರೆ ಒರಗಲು ಗಾಡಿಯೂ ಇರಲಿಲ್ಲ. ಯಾವುದನ್ನು ನಂಬಬೇಕೋ ಬಹಳ ದಿನ ತಿಳಿಯಲಿಲ್ಲ. ನೋಡಿದ್ದರೆ ನನಗೆ ಸಮಾಧಾನವೇನೂ ಇಲ್ಲ, ನೋಡಿಲ್ಲದಿದ್ದರೆ ಅಷ್ಟು ಸ್ಪಷ್ಟವಾದ ಮುಖ ಎಲ್ಲಿಂದ ಬಂತು?

ಆ ಬೇಸಿಗೆ ಟೂರ್ನಮೆಂಟ್ ಹಿಂದೆಂದೂ ಆಗದ ಹಾಗೆ ಆಯಿತು. ಪಂದ್ಯಗಳು ಕೊನೆಯ ಓವರಿಗೆ ಹೋಗತೊಡಗಿದವು. ಪಕ್ಕದ ಬಡಾವಣೆಯವರು ಕಾಂಪೌಂಡ್ ಗೋಡೆ ಹತ್ತಿ ಕೂತರು. ಕಡಲೆಕಾಯಿಯವನ ಜೊತೆ ಐಸ್‌ಕ್ರೀಮ್ ಗಾಡಿ, ಚುರುಮುರಿ ಗಾಡಿ ಬಂದವು. ಅಮೃತಹಳ್ಳಿಯ ತಂಡ ಮೊದಲ ಸಲ ಕಪ್ ಎತ್ತಿದಾಗ ತಮಟೆ ಬಡಿದುಕೊಂಡು ಮೆರವಣಿಗೆ ಹೊರಟರು, ನನ್ನನ್ನೂ ಎಳೆದುಕೊಂಡು ಹೋದರು. ಕಾಲೇಜಿನಲ್ಲಿ ಇದನ್ನೇ ಪಾಠಕ್ಕೆ ಸೇರಿಸಿದೆ. ಸಮತೋಲನ ತರಲು ಒಂದು ಸಣ್ಣ ನಿಯಮ ಸಾಕು, ನೋಡಿ ಎಂದು ಬೋರ್ಡಿನ ಮೇಲೆ ರೇಖೆ ಎಳೆದೆ.

ಯಜಮಾನರು ಗೆಳೆಯನನ್ನು ಕೆಲಸದಿಂದ ತೆಗೆಯಲಿಲ್ಲ. ಗಟ್ಟಿಯಾಗಿ ಒಂದು ಮಾತೂ ಆಡಲಿಲ್ಲ. ಭಾನುವಾರ ಹೇಗೂ ಆಟ ಇಲ್ಲವಲ್ಲ ಎಂದು ಭಾನುವಾರದ ಲೋಡುಗಳನ್ನು ಅವನಿಗೆ ಹಾಕಿದರು, ಅಷ್ಟೇ. ಒಂದು ಪಂದ್ಯದ ಮಧ್ಯೆ ಅವನ ಗಾಡಿ ಪಿ.ವಿ.ಸಿ. ಪೈಪು ಹೇರಿಕೊಂಡು ಬಯಲಿನ ಪಕ್ಕದಲ್ಲೇ ಹೋಯಿತು. ಸ್ಕೋರ್ ಬರೆಯುತ್ತಿದ್ದ ನಾನು ತಲೆ ಎತ್ತಿದೆ. ಅವನು ನಿಧಾನ ಮಾಡಲಿಲ್ಲ.

ತೊಂದರೆ ಬಂದದ್ದು ಬೇರೆ ದಾರಿಯಿಂದ. ಪಾಯಿಂಟಿಗೆ ಮಿತಿ ಇದ್ದದ್ದರಿಂದ ಓನರ್‌ಗಳು ಮಿತಿಯಿಲ್ಲದ ಕಡೆ ಪೈಪೋಟಿಗೆ ಬಿದ್ದರು. ಜಕ್ಕೂರಿನವರು ನೆಲಮಂಗಲದ ಬೌಲರ್‌ಗೆ, ಮುಂದಿನ ಸಲ ನಮ್ಮ ಕಡೆ ಬಾ, ಸಂಸಾರಕ್ಕೆ ರೂಮು ಕೊಡ್ತೀವಿ ಎಂದು ಹೇಳಿ ಕಳಿಸಿದರಂತೆ. ಅವನನ್ನು ಉಳಿಸಿಕೊಳ್ಳಲು ಯಜಮಾನರ ಕೈಯಲ್ಲಿದ್ದದ್ದು ಅಂಗಡಿಯ ಕೆಲಸ ಒಂದೇ. ಮಳೆಗಾಲ ಹಿಡಿಯುವ ಹೊತ್ತಿಗೆ ಗಾಡಿಯ ಕೀಲಿ ಅವನಿಗೆ ಹೋಯಿತು. ಗೆಳೆಯನನ್ನು ಕೌಂಟರಿಗೆ ನಿಲ್ಲಿಸಿದರು, ಮೊಳೆ ತೂಗಲು. ಕೌಂಟರಿನಲ್ಲಿ ಮೊದಲೇ ಇಬ್ಬರಿದ್ದರು. ಸ್ವಲ್ಪ ದಿನದ ಮೇಲೆ ಸದ್ಯಕ್ಕೆ ಬರಬೇಡ, ಹೇಳಿ ಕಳಿಸ್ತೀನಿ ಎಂದರು. ಹೇಳಿ ಕಳಿಸಲಿಲ್ಲ. ಅವನು ಅಬ್ಬಿಗೆರೆಯ ಕಡೆ ಯಾರದೋ ವಾಟರ್ ಟ್ಯಾಂಕರ್ ಓಡಿಸಲು ಹೋದ, ದಿನದ ಲೆಕ್ಕದಲ್ಲಿ. ಡ್ರೈವರ್ ಸಿಕ್ಕದ ದಿನ ಕರೆಯುತ್ತಿದ್ದರು, ಸಿಕ್ಕ ದಿನ ಇಲ್ಲ.

ಆ ದಿನಗಳಲ್ಲೇ, ಕಾರ್ಮಿಕ ಮಾರುಕಟ್ಟೆಯ ಪಾಠಕ್ಕೆ ತಯಾರಾಗುತ್ತಾ ಹಳೆಯ ಜೆರಾಕ್ಸ್ ಕಟ್ಟು ಬಿಚ್ಚಿದೆ. ಬೇಸ್‌ಬಾಲ್‌ನಲ್ಲಿ ಸಂಬಳಕ್ಕೆ ಗಟ್ಟಿಯಾದ ಮಿತಿ ಇಲ್ಲವೇ ಇಲ್ಲ. ಅಮೆರಿಕದ ದೊಡ್ಡ ಆಟಗಳಲ್ಲಿ ಮಿತಿ ಒಪ್ಪದೆ ನಿಂತದ್ದು ಅದೊಂದೇ. ಒಂದು ಗೆರೆ ದಾಟಿ ಖರ್ಚು ಮಾಡಿದ ತಂಡ ತೆರಿಗೆ ಕಟ್ಟುತ್ತದೆ, ಅಷ್ಟೇ. ಮಾಲೀಕರು ಮಿತಿ ತರಲು ಹೊರಟಾಗ ಆಟಗಾರರ ಯೂನಿಯನ್ ಮುಷ್ಕರ ಹೂಡಿ, ಒಂದು ವರ್ಷ ಫೈನಲ್ಲೇ ನಡೆಯದ ಹಾಗೆ ಮಾಡಿತ್ತು. ಮಿತಿ ಹಾಕಿದರೆ ಆಟ ಸಮವಾಗುತ್ತದೋ ಇಲ್ಲವೋ, ಆಟಗಾರನ ಪಾಲಂತೂ ಇಳಿಯುತ್ತದೆ ಎಂಬುದು ಅವರ ವಾದ. ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಇತ್ತು. ಕೊನೆಯಲ್ಲಿ ಮೇಲೆ ತಿರುಗುವ ಆ ಗೆರೆ ನನ್ನದೇ.

ಓದಿದ್ದೆ. ಓದಿ ಗೆರೆ ಎಳೆದು, ಮಹಡಿಯ ಮೇಲೆ ಅದರ ಉಲ್ಟಾ ಹೇಳಿದ್ದೆ. ಅಥವಾ ನಾನು ಹೇಳಿದ್ದು ಅವರ ಫುಟ್‌ಬಾಲ್ ಇರಬಹುದು, ಅದರಲ್ಲಿ ಮಿತಿ ಇದೆ, ಆಗ ನನ್ನ ಮಾತು ಸರಿಯೇ ಆಗುತ್ತದೆ ಎಂದು ಎರಡು ದಿನ ನನ್ನನ್ನೇ ನಂಬಿಸಲು ನೋಡಿದೆ. ಆದರೆ ಯಾವ ಆಟವಾದರೂ ಒಂದು ವಿಷಯ ಬದಲಾಗುವುದಿಲ್ಲ. ಅಲ್ಲಿ ಮಿತಿ ಬೇಡವೆಂದು ಹೇಳಲು ಆಟಗಾರರು ಮೇಜಿನ ಎದುರು ಬದಿಯಲ್ಲಿ ಕೂತಿದ್ದರು. ನಮ್ಮ ಮಹಡಿಯ ಮೇಲೆ ಆರು ಓನರ್‌ಗಳು, ಒಬ್ಬ ಮೇಷ್ಟ್ರು, ಪೇಂಟ್ ಡಬ್ಬಗಳು. ಆಡುವವನು ಒಬ್ಬನೂ ಇರಲಿಲ್ಲ. ಗಾಡಿಯಲ್ಲಿ ಕೂತು ಗೆಳೆಯ ಕೇಳಿದ್ದು ಅದನ್ನೇ ಇರಬೇಕು. ನಾನು ಕೋಟಿಯ ಮಾತಾಡಿದ್ದೆ.

ಅಬ್ಬಿಗೆರೆಗೆ ಹೋಗಿ ಅವನನ್ನು ಹುಡುಕಿದೆ. ಜೆರಾಕ್ಸಿನ ಕಥೆ ಹೇಳಿದೆ. ಅವನು ಅರ್ಧಕ್ಕೇ ತಡೆದು, ಅದೆಲ್ಲ ಇರಲಿ, ಗಾಡಿ ವಾಪಸ್ ಸಿಗುತ್ತಾ ಕೇಳು, ನಿನ್ನ ಮಾತು ಕೇಳ್ತಾರೆ ಅವರು ಎಂದ. ಟ್ಯಾಂಕರ್ ಕೆಲಸ ವಾರಕ್ಕೆ ನಾಲ್ಕು ದಿನವೂ ಸಿಗುತ್ತಿಲ್ಲ, ಅಮ್ಮ ಈಗಲೂ ಪರ್ಮನೆಂಟ್ ಅಂತಲೇ ಹೇಳಿಕೊಂಡು ತಿರುಗುತ್ತಿದ್ದಾರೆ, ತಾನು ದಿನಾ ಬೆಳಗ್ಗೆ ಟಿಫಿನ್ ಕಟ್ಟಿಸಿಕೊಂಡು ಮನೆ ಬಿಡುತ್ತೇನೆ ಎಂದ.

ಮಾರನೆಯ ದಿನವೇ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಯಜಮಾನರು ಸ್ಟೂಲ್ ಹಾಕಿಸಿ, ಕಾಫಿ ತರಿಸಿದರು. ತಪ್ಪು ನನ್ನದು, ಮೂವತ್ತು ಮಾಡಿದ್ದು ನಾನು, ಹತ್ತು ಪಾಯಿಂಟ್ ಬಿಡದೆ ಹಟ ಹಿಡಿದದ್ದೂ ನಾನು ಎಂದೆ. ಅವರು ತಲೆಯಾಡಿಸುತ್ತಾ ಕೇಳಿಸಿಕೊಂಡರು. ಅವನ ಮೇಲೆ ಬೇಜಾರೇನಿಲ್ಲ, ಐದು ವರ್ಷ ಒಂದು ಮೂಟೆ ಒಡೆಯದೆ ಓಡಿಸಿದ್ದಾನೆ ಎಂದರು. ಆಮೇಲೆ ಅಂಗಡಿಯ ಹೊರಗೆ ಕಣ್ಣು ಹಾಯಿಸಿದರು. ನೆಲಮಂಗಲದ ಬೌಲರ್ ಗಾಡಿಗೆ ಸಿಮೆಂಟು ಶೀಟು ಏರಿಸುತ್ತಿದ್ದ. ಅವನ ಹೆಂಡತಿ ಮಗುವನ್ನು ಎತ್ತಿಕೊಂಡು ಅವನ ಊಟದ ಡಬ್ಬಿ ತಂದು ನೆರಳಿನಲ್ಲಿ ನಿಂತಿದ್ದಳು.

"ಒಂದೇ ಗಾಡಿ ಇರೋದು ಮೇಷ್ಟ್ರೇ. ಕೀಲಿ ಇವತ್ತೇ ಕೊಡ್ತೀನಿ, ಬೇಕಾದ್ರೆ. ಆ ಹೊರಗಿರೋನಿಗೆ ನೀವೇ ಹೇಳ್ಬಿಡಿ, ಕೆಲಸ ಇಲ್ಲ ಅಂತ."

ಅವರು ಚುಚ್ಚಲು ಹೇಳಿದಂತೆ ಇರಲಿಲ್ಲ. ಕೀಲಿಯನ್ನು ನಿಜವಾಗಿಯೂ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟರು. ಕಾಫಿ ಕುಡಿದು ಮುಗಿಸಿದೆ. ಹೊರಗೆ ಬಂದು ಗಾಡಿಯ ಹತ್ತಿರ ನಿಂತೆ. ನಮಸ್ಕಾರ ಸಾರ್, ಈ ಸಲ ಹರಾಜು ಯಾವಾಗ ಎಂದು ಆ ಬೌಲರ್ ಕೇಳಿದ. ಹೊಸತೊಡಕಿಗೇ ಎಂದೆ. ಮಗು ನನ್ನ ಜೇಬಿನ ಪೆನ್ನಿಗೆ ಕೈ ಚಾಚಿತು. ಕೊಡಲಿಲ್ಲ ಅನ್ನಿಸುತ್ತದೆ. ನಡೆದುಕೊಂಡು ಬಸ್ ಸ್ಟಾಪಿಗೆ ಬಂದೆ.

ಗೆಳೆಯನಿಗೆ ಫೋನಿನಲ್ಲಿ ಹೇಳಬಹುದಿತ್ತು. ಅದಕ್ಕೂ ಧೈರ್ಯ ಬರಲಿಲ್ಲವೋ, ಎದುರಿಗೇ ಹೇಳಬೇಕೆಂಬ ಹಟವೋ, ಜಾಲಹಳ್ಳಿ ಮೇಲೆ ಎರಡು ಬಸ್ ಬದಲಾಯಿಸಿ ಅಬ್ಬಿಗೆರೆಗೆ ಹೋದೆ. ಅವತ್ತು ಕೆಲಸ ಸಿಕ್ಕಿತ್ತು. ಹೊಸ ಅಪಾರ್ಟ್‌ಮೆಂಟ್ ಒಂದರ ಗೇಟಿನೊಳಗೆ ಟ್ಯಾಂಕರ್ ನಿಲ್ಲಿಸಿ, ಪೈಪಿನ ಬಾಯಿಯನ್ನು ನೆಲದಡಿಯ ಸಂಪಿನೊಳಕ್ಕೆ ಇಳಿಬಿಟ್ಟು, ಅದರ ಮೇಲೆ ಕಾಲಿಟ್ಟು ನಿಂತಿದ್ದ. ನೀರು ಧುಮುಕುವ ಸದ್ದಿಗೆ ನಾನು ಎರಡು ಸಲ ಹೇಳಬೇಕಾಯಿತು. ಯಜಮಾನರು ಕೀಲಿ ಇಟ್ಟದ್ದು, ಆ ಬೌಲರ್‌ಗೆ ನಾನೇ ಹೇಳಬೇಕೆಂದದ್ದು, ಹೆಂಡತಿ, ಮಗು, ಊಟದ ಡಬ್ಬಿ, ಎಲ್ಲಾ ಹೇಳಿದೆ. ಹೇಗೆ ಹೇಳಲಿ ಮಗಾ, ಬಾಯಿ ಬರಲಿಲ್ಲ ಎಂದೆ.

ಅವನು ಸಂಪಿನೊಳಗೇ ನೋಡುತ್ತಿದ್ದ.

"ನನಗೆ ಮೈಕಲ್ಲಿ ಹೇಳಿದ್ಯಲ್ಲ ಗುರು" ಎಂದ. "ನಾನ್ ಅಲ್ಲೇ ಇದ್ದೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನೀರು ಅಂಚಿಗೆ ಬಂತು. ಕಾಲು ತೆಗಿ, ಶೂ ನೆನೆಯುತ್ತೆ ಎಂದು ನನಗೆ ಹೇಳಿ ವಾಲ್ವ್ ತಿರುಗಿಸಲು ಟ್ಯಾಂಕರಿನ ಹಿಂಭಾಗಕ್ಕೆ ಹೋದ. ಪೈಪು ಸುತ್ತಿದ, ಸೆಕ್ಯೂರಿಟಿಯವನ ಹತ್ತಿರ ಚೀಟಿಗೆ ಸಹಿ ಹಾಕಿಸಿಕೊಂಡ, ಇನ್ನೂ ಎರಡು ಲೋಡಿದೆ ಎಂದು ಹೇಳಿ ಹತ್ತಿ ಕೂತ. ನಾನು ಗೇಟಿನ ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟೆ.